ಸುಳ್ಳು ತೂಕ ಬರೆಯಲು ಹೇಳಿದರೆ ಕೆಲಸ ಬಿಡಬೇಕಾ ಎಂದು ಕೇಳಿದವರಿಗೆ

ಮೀನಿನ ಲೆಕ್ಕ ಬರೆಯುವ ಕೆಲಸ, ಧಣಿ ತೂಕ ಕಡಿಮೆ ಬರೆಯಲು ಹೇಳುತ್ತಾರೆ, ಕ್ರೈಸ್ತನಾಗಿ ಬಿಟ್ಟುಬಿಡಬೇಕಾ ಅಂತ ಕೇಳಿದ್ದೀರಿ. ತಕ್ಷಣ ಬಿಡಬೇಡಿ. ಆ ಸುಳ್ಳನ್ನು ಮಾತ್ರ ಬರೆಯಬೇಡಿ.

ನಾನೂ ಕಾರವಾರದವನೇ, ಇದೇ ಕೆಲಸ ಮಾಡಿದವನು. ಒಂದು ದಿನ ಬಂಗಡೆ ಬುಟ್ಟಿ ತಕ್ಕಡಿ ಮೇಲಿತ್ತು. ಮುಳ್ಳು 42 ಕಿಲೋ ತೋರಿಸುತ್ತಿತ್ತು. ಧಣಿ ಮೆಲ್ಲಗೆ "38 ಬರಿ" ಅಂದರು. ಎದುರಿಗೆ ದೋಣಿಯವರು, ರಾತ್ರಿಯಿಡೀ ನೆನೆದ ಬಟ್ಟೆಯಲ್ಲೇ ನಿಂತಿದ್ದರು. ಪೆನ್ನು ಹಿಡಿದ ಕೈ ನಡುಗಿತು. 42 ಅಂತಲೇ ಬರೆದೆ. ಸಂಜೆ ಧಣಿ ಒಬ್ಬರೇ ಇದ್ದಾಗ ಹೋಗಿ, "ಐಸ್ ಹೊರುವ ಕೆಲಸ ಕೊಡಿ, ಮಾಡುತ್ತೇನೆ. ಇದು ನನ್ನಿಂದ ಆಗಲ್ಲ" ಅಂದೆ. ಎರಡು ತಿಂಗಳು ಐಸ್ ಹೊತ್ತೆ. ಆಮೇಲೆ ತೆಗೆದುಹಾಕಿದರು. ಅದೂ ಮೇ ಕೊನೆಗೆ. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟ್ ಇಳಿಸುವಂತಿಲ್ಲ, ಬೇರೆ ಕೆಲಸ ಎಲ್ಲಿ ಸಿಗಬೇಕು? ತುಂಬಾ ಕಷ್ಟವಾಯಿತು.

ಬೈಬಲಿನಲ್ಲಿ ದಾನಿಯೇಲನ ಪುಸ್ತಕದ 1ನೇ ಅಧ್ಯಾಯ ಓದಿ. ಅರಮನೆಯ ಊಟ ಬೇಡ ಅಂದ, ಆದರೆ ಜಗಳ ಆಡಲಿಲ್ಲ. 10 ದಿನ ಕಾಯಿಪಲ್ಲೆ, ನೀರು ಕೊಟ್ಟು ನೋಡಿ ಅಂತ ಕೇಳಿಕೊಂಡ. 3ನೇ ಅಧ್ಯಾಯದಲ್ಲಿ ಅವನ ಮೂವರು ಗೆಳೆಯರು ರಾಜನಿಗೇ ಹೇಳುತ್ತಾರೆ: ದೇವರು ಬೆಂಕಿಯಿಂದ ಬಿಡಿಸಬಲ್ಲ, ಬಿಡಿಸದಿದ್ದರೂ ನಾವು ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಆ "ಬಿಡಿಸದಿದ್ದರೂ" ಅನ್ನುವುದನ್ನು ಹಿಡಿದುಕೊಂಡೇ ಆ ಮಳೆಗಾಲ ಕಳೆದೆ.

ಮನೆಯವರಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ, ಅದು ತಪ್ಪು. ಚರ್ಚಿನಲ್ಲಿ ನಂಬಿಕಸ್ಥರು ಇಬ್ಬರಿಗಾದರೂ ತಿಳಿಸಿ. ಧಣಿ ಹತ್ತಿರ ಯಾವತ್ತು ಮಾತಾಡುತ್ತೀರಿ ಅಂತ ಇಲ್ಲಿ ಬರೆಯಿರಿ, ಅವತ್ತು ನಾನೂ ನಿಮಗಾಗಿ ಮೊಣಕಾಲೂರುತ್ತೇನೆ.