ಬೋಟಿಂಗ್ ಕೆರೆಯಲ್ಲಿ ಹೆಚ್ಚು ನೀರು ನಿಲ್ಲಿಸಲು ಏರಿ ಎತ್ತರಿಸಬೇಕೇ, ಕೋಡಿಗೆ ಹಲಗೆ ಹಾಕಿದರೆ ಸಾಕೇ?

ಎರಡೂ ಬೇಡ. ಬೇಸಿಗೆಯಲ್ಲಿ ದೋಣಿಯ ತಳ ಕೆಸರಿಗೆ ತಾಗುವುದು, ಮಳೆಗಾಲದಲ್ಲಿ ಸಾಕಿದ ಮೀನು ಕೋಡಿಯಿಂದ ಹೊರಟುಹೋಗುವುದು, ಸಕಲೇಶಪುರದ ಕಡೆಯ ನಮ್ಮ ತೋಟದ ಕೆರೆಯಲ್ಲೂ ಹೀಗೇ ಇತ್ತು. ಹೋಂಸ್ಟೇಗೆ ಬರುವವರು ದೋಣಿ ಕೇಳುತ್ತಾರೆಂದು ನಾವು ಕೋಡಿಗೆ ಹಲಗೆ ಕೂರಿಸಿ, ಅದರ ಮೇಲೆ ಮೀನು ತಡೆಯಲು ಕಬ್ಬಿಣದ ಜಾಲರಿ ಬಿಗಿದೆವು.

ಹಲಗೆಗಿಂತ ಹೆಚ್ಚು ಕೆಡಿಸಿದ್ದು ಆ ಜಾಲರಿ. ಆಷಾಢದ ಮಳೆ ಹಿಡಿದಾಗ ಸಿಲ್ವರ್ ಓಕ್ ಎಲೆ, ತರಗು, ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರ ಸವರುವಾಗ, ಕಡಿದ ರೆಂಬೆಗಳೆಲ್ಲ ತೇಲಿಬಂದು ಅದಕ್ಕೆ ಮೆತ್ತಿಕೊಂಡವು. ಕೋಡಿ ಮುಚ್ಚಿಹೋಯಿತು. ರಾತ್ರಿ ನೀರು ಏರಿಯ ತಲೆಗೆ ಬಂದು, ಜೀಪು ಓಡಾಡಿ ನಡುವೆ ತಗ್ಗಾಗಿದ್ದ ಕಡೆ ಹೊರಕ್ಕೆ ಹರಿಯಿತು. ಕಾಂಕ್ರೀಟ್ ಕಟ್ಟೆಯಾಗಿದ್ದರೆ ಸ್ವಲ್ಪ ಹೊತ್ತು ತಾಳುತ್ತಿತ್ತೇನೋ. ಮಣ್ಣಿನ ಏರಿ ತಾಳುವುದಿಲ್ಲ. ಹೊರ ಇಳಿಜಾರಿನಲ್ಲಿ ಧುಮುಕುವ ನೀರು ಮಣ್ಣನ್ನು ಕೊರೆಯುತ್ತದೆ. ಆ ಕೊರಕಲು ಹಿಂದಕ್ಕೆ ಬೆಳೆಯುತ್ತಾ ಕೆರೆಯನ್ನು ಮುಟ್ಟಿದರೆ ಮುಗಿಯಿತು. ಹಲಗೆ ಕೀಳಲು ಹೋದೆವು, ನೀರಿನ ಒತ್ತಡಕ್ಕೆ ಅದು ಅಲುಗಲಿಲ್ಲ. ಕಸ ತೆಗೆಯಲು ನೀರಿಗಿಳಿಯುವ ಧೈರ್ಯ ಯಾರಿಗೂ ಬರಲಿಲ್ಲ. ಇಳಿಯದೇ ಇದ್ದದ್ದೇ ಸರಿ. ಬೆಳಗಿನ ಹೊತ್ತಿಗೆ ಏರಿ ಒಡೆದು ಕೆಳಗಿನ ಮನೆಯವರ ಗದ್ದೆಯಲ್ಲಿ ಮರಳು ತುಂಬಿತ್ತು. ಪರಿಹಾರ ಕೊಟ್ಟೆವು. ಆ ಗದ್ದೆ ಇನ್ನೂ ಮೊದಲಿನ ಹದಕ್ಕೆ ಬಂದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟಿನ ವಿಷಯ ಆಮೇಲೆ ಓದಿದೆ. ಶ್ರೀಮಂತರ ಕ್ಲಬ್ಬೊಂದು ಮೀನು ಹಿಡಿಯಲು, ದೋಣಿ ವಿಹಾರಕ್ಕೆ ಇಟ್ಟುಕೊಂಡಿದ್ದ ಕೆರೆ ಅದು. ಸಾರೋಟು ಓಡಾಡಲೆಂದು ಏರಿಯ ತಲೆ ತಗ್ಗಿಸಿದ್ದರು, ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. ನೀರು ಹೊರಬಿಡುವ ತಳದ ಕೊಳವೆಗಳನ್ನು ಹಿಂದಿನ ಮಾಲೀಕರ ಕಾಲದಲ್ಲೇ ಕಿತ್ತಿದ್ದರು, ಯಾರೂ ಮತ್ತೆ ಹಾಕಲಿಲ್ಲ. 1889ರ ಮೇ 31ರಂದು ಅದು ಒಡೆದು ಜಾನ್ಸ್‌ಟೌನ್ ಕಡೆ 2,200ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಮೊದಲೇ ಓದಿದ್ದರೆ ಜಾಲರಿಗೆ ಕೈ ಹಾಕುತ್ತಿರಲಿಲ್ಲ.

ನಿಮಗೆ ಬೇಕಾದದ್ದು ಆಳ. ಅದಕ್ಕೆ ಬೇಸಿಗೆಯಲ್ಲಿ ಹೂಳೆತ್ತಿಸಿ, ಆದರೆ ಏರಿಯ ಬುಡದಲ್ಲಿ ಅಗೆಯಬೇಡಿ; ಒಳ ಇಳಿಜಾರು ಕುಸಿಯುತ್ತದೆ. ಮೀನು ಹೋದರೆ ಹೋಗಲಿ, ಮತ್ತೆ ಮರಿ ಬಿಡಬಹುದು. ಏರಿಯ ಮೇಲೆ ನೆರಳಿಗೆಂದು ಮರ ನೆಡಬೇಡಿ, ಬೇರು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಹುಲ್ಲು ಸಾಕು. ತಗ್ಗಾದ ಕಡೆ ಮಣ್ಣು ಹಾಕಿ ಚೆನ್ನಾಗಿ ದಮ್ಮಸು ಮಾಡಿಸಿ, ತೂಬು ತೆರೆಯುತ್ತದೆಯೇ ನೋಡಿ. ಹೊರಬದಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಗಮನವಿಡಿ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಹೋಗುತ್ತಿದೆ, ತಕ್ಷಣ ತೂಬು ತೆರೆದು ಕೆಳಗಿನವರಿಗೆ ತಿಳಿಸಿ, ಎಂಜಿನಿಯರನ್ನು ಕರೆಸಿ.

ಯಾವುದಾದರೂ ಇಲಾಖೆಯವರು ಬಂದು ತಪಾಸಣೆ ಮಾಡುವುದಿಲ್ಲವೇ ಎಂದೂ ಕೇಳಿದ್ದೀರಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೆ ಮಾತ್ರ ಅನ್ವಯಿಸುತ್ತದೆ. ನಿಮ್ಮದು ಮೂರು ಆಳೆತ್ತರ ಎಂದಿದ್ದೀರಿ, ಆ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಮಳೆಗೆ ಮೊದಲು ನೀವೇ ಏರಿಯ ಮೇಲೂ ಬುಡದಲ್ಲೂ ನಡೆದು ನೋಡಬೇಕು. ಹಲಗೆ ಈಗಾಗಲೇ ಹಾಕಿಸಿದ್ದರೆ ನೀರು ಕಡಿಮೆ ಇರುವಾಗಲೇ ತೆಗೆಸಿಬಿಡಿ.