ಗೀಸರ್ ಬಿಟ್ಟು ಬಿಟ್ಟು ಯಾಕೆ ಚಿಮ್ಮುತ್ತೆ?

ಪ್ರಶ್ನೆ: ನೆಲದೊಳಗಿಂದ ಬಿಸಿನೀರು ಚಿಮ್ಮೋ ಗೀಸರ್ ವಿಡಿಯೋ ನೋಡ್ದೆ. ಒಂದ್ಸಲ ಜೋರಾಗಿ ಉಕ್ಕಿ ಪೂರ್ತಿ ಸುಮ್ನಾಗುತ್ತೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು. ಕೆಳಗಡೆ ಬಿಸಿ ಯಾವಾಗ್ಲೂ ಇರುತ್ತಲ್ವಾ, ಹಾಗಿದ್ರೆ ಒಂದೇ ಸಮ ಕುದೀತಾ ಇರ್ಬೇಕಿತ್ತು ತಾನೇ?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ. ಬರೀ ಬಿಸಿ ಸಾಕಾಗೋದಾದ್ರೆ ಪ್ರಪಂಚದಲ್ಲಿರೋ ಬಿಸಿನೀರಿನ ಬುಗ್ಗೆಗಳೆಲ್ಲ ಚಿಮ್ಮಬೇಕಿತ್ತು, ಆದ್ರೆ ಗೀಸರ್‌ಗಳು ಇರೋದು ಹೆಚ್ಚುಕಮ್ಮಿ ಒಂದು ಸಾವಿರ ಅಷ್ಟೇ, ಅದರಲ್ಲಿ ಅರ್ಧದಷ್ಟು ಅಮೆರಿಕಾದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಒಂದರಲ್ಲೇ ಇವೆ. ಗುಟ್ಟು ಇರೋದು ಗಂಟಲಲ್ಲಿ. ನೆಲದೊಳಗೆ ಆಳಕ್ಕೆ ಇಳಿದಿರೋ ಬಿರುಕು, ಎಲ್ಲೋ ಒಂದು ಕಡೆ ಇಕ್ಕಟ್ಟು, ಅದರ ತುಂಬಾ ನೀರು ಅಂದ್ಕೊಳ್ಳಿ. ಮೇಲಿನ ನೀರಿನ ಭಾರವೆಲ್ಲ ಕೆಳಗಿನ ನೀರಿನ ಮೇಲೆ ಕೂತಿರುತ್ತೆ. ಒತ್ತಡ ಜಾಸ್ತಿ ಆದಷ್ಟೂ ನೀರು ಕುದಿಯೋಕೆ ಜಾಸ್ತಿ ಬಿಸಿ ಬೇಕು, 10 ಮೀಟರ್ ಆಳದಲ್ಲಿ ಸುಮಾರು 120 ಡಿಗ್ರಿ ಆಗೋವರೆಗೂ ಅದು ಕುದಿಯಲ್ಲ. ಅಂದ್ರೆ ಅಲ್ಲಿ 115 ಡಿಗ್ರಿ ನೀರು ಏನೂ ಆಗದೇ ಇರೋ ಥರ ಸುಮ್ನೆ ಕೂತಿರುತ್ತೆ!

ಇನ್ನೂ ಕಾದಾಗ ಆವಿ ಗುಳ್ಳೆಗಳು ಎದ್ದು ಇಕ್ಕಟ್ಟಲ್ಲಿ ಸಿಕ್ಕಿಹಾಕ್ಕೊಂಡು ಮೇಲಿನ ನೀರನ್ನ ತಳ್ತವೆ, ಬಾಯಿಂದ ಒಂದಿಷ್ಟು ನೀರು ಆಚೆ ಚೆಲ್ಲುತ್ತೆ. ಕಥೆ ಇರೋದೇ ಇಲ್ಲಿ. ಅಷ್ಟು ನೀರು ಹೋದ್ರೆ ಅಷ್ಟು ಭಾರ ಕಮ್ಮಿ, ಭಾರ ಕಮ್ಮಿಯಾದ ತಕ್ಷಣ ಕೆಳಗೆ ಸುಮ್ನಿದ್ದ ನೀರಿಗೆ ಅದೇ ಬಿಸಿ ಈಗ ಕುದಿಯೋಕೆ ಸಾಕಾಗಿ ಒಮ್ಮೆಲೇ ಒಂದಷ್ಟು ಆವಿಯಾಗುತ್ತೆ, ಸಾಮಾನ್ಯ ಒತ್ತಡದಲ್ಲಿ ಆವಿಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು, ಅದು ಮೇಲಿರೋದನ್ನೆಲ್ಲ ಎತ್ತಿ ಎಸೆಯುತ್ತೆ, ಆಗ ಒತ್ತಡ ಇನ್ನೂ ಇಳಿದು ಇನ್ನೂ ಆಳದ ನೀರೂ ಕುದಿಯೋಕೆ ಶುರು. ಕೊಳವೆ ಖಾಲಿಯಾದ್ಮೇಲೆ ಸುತ್ತಲಿನ ತಣ್ಣನೆ ನೀರು ಒಸರಿ ತುಂಬ್ಕೊಂಡು ಮತ್ತೆ ಕಾಯಬೇಕು, ನೀವು ನೋಡಿದ ಗ್ಯಾಪ್ ಅದೇ. ಎಲ್ರೂ ಕುಕ್ಕರ್‌ಗೆ ಹೋಲಿಸ್ತಾರೆ, ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ, ಯಾಕಂದ್ರೆ ಇಲ್ಲಿ ನೀರಿನ ಮೇಲೆ ನೀರೇ ಮುಚ್ಚಳ.

ಇನ್ನೊಂದು, ಇಷ್ಟು ಒತ್ತಡಕ್ಕೆ ಸಾಮಾನ್ಯ ಮಣ್ಣು ಕುಸಿದು ಹೋಗುತ್ತೆ. ಬಿಸಿನೀರು ಕಲ್ಲಲ್ಲಿರೋ ಸಿಲಿಕಾ ಕರಗಿಸ್ಕೊಂಡು ಬಂದು ಗೋಡೆಗೆ ಪದರ ಪದರವಾಗಿ ಬಳಿಯುತ್ತೆ, ಹಾಗೆ ಗಟ್ಟಿಯಾದ ಕೊಳವೆ ಮಾತ್ರ ತಡ್ಕೊಳ್ಳುತ್ತೆ.

ಅಂದಹಾಗೆ ಬಾತ್‌ರೂಮಿನ ಗೀಸರ್‌ಗೂ ಹೆಸರು ಬಂದಿದ್ದು ಐಸ್‌ಲ್ಯಾಂಡಿನ ಗೇಸಿರ್ ಅನ್ನೋ ಬುಗ್ಗೆಯಿಂದಲೇ. ಬಾತ್‌ರೂಮಿಂದು ಮಾತ್ರ ಚಿಮ್ಮದೇ ಇದ್ರೇನೇ ಕ್ಷೇಮ.

ಪ್ರಶ್ನೆ: ಗೀಸರ್ ಚಿಮ್ಮೋ ಟೈಮ್ ಮೊದಲೇ ಹೇಳ್ಬಹುದಾ? ಸೋಪ್ ಹಾಕಿದ್ರೆ ಚಿಮ್ಮುತ್ತಂತೆ, ನಿಜನಾ?

ಉತ್ತರ: ಕೆಲವಕ್ಕೆ ಮಾತ್ರ ಹೇಳ್ಬಹುದು. ಯೆಲ್ಲೋಸ್ಟೋನಿನ ಓಲ್ಡ್ ಫೇತ್‌ಫುಲ್ ಅನ್ನೋ ಗೀಸರ್ ಈಗ ಸಾಮಾನ್ಯವಾಗಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತೆ, ಹಿಂದಿನ ಸಲ ಸ್ವಲ್ಪ ಹೊತ್ತೇ ಚಿಮ್ಮಿದ್ರೆ ಮುಂದಿನದು ಬೇಗ, ತುಂಬಾ ಹೊತ್ತು ಚಿಮ್ಮಿದ್ರೆ ಲೇಟು, ಅಲ್ಲಿನವರು ಗಡಿಯಾರ ಹಿಡ್ಕೊಂಡು ಇದೇ ಲೆಕ್ಕದಲ್ಲಿ ಟೈಮ್ ಹೇಳ್ತಾರೆ. ಅಲ್ಲೇ ಇರೋ ಸ್ಟೀಮ್‌ಬೋಟ್ ಗೀಸರ್ ಮಾತ್ರ ಯಾರ ಮಾತೂ ಕೇಳಲ್ಲ, 90 ಮೀಟರ್ ಎತ್ತರ ದಾಟೋ ದೈತ್ಯ ಅದು, 1911ರಿಂದ 1961ರವರೆಗೆ ದೊಡ್ಡದಾಗಿ ಒಂದ್ಸಲವೂ ಚಿಮ್ಮಲಿಲ್ಲ, 2019ರಲ್ಲಿ ನೋಡಿದ್ರೆ 48 ಸಲ.

ಸೋಪ್ ವಿಷ್ಯ ನಿಜ. ನ್ಯೂಜಿಲೆಂಡಿನ ಲೇಡಿ ನಾಕ್ಸ್ ಗೀಸರ್‌ಗೆ ಪ್ರವಾಸಿಗರ ಮುಂದೆ ದಿನಾ ಬೆಳಿಗ್ಗೆ ಸೋಪ್ ಹಾಕ್ತಾರೆ, ಅದು ನೀರಿನ ಮೇಲ್ಮೈ ಬಿಗಿತ ಕಮ್ಮಿ ಮಾಡಿ ಗುಳ್ಳೆ ಏಳೋದನ್ನ ಸುಲಭ ಮಾಡುತ್ತೆ. ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಮಲಗಿರೋರನ್ನ ಕಚಗುಳಿ ಇಟ್ಟು ಎಬ್ಬಿಸಿದ ಹಾಗೆ ಅನ್ಸುತ್ತೆ ನಂಗೆ.