ಕೃಪೆ ಪುಕ್ಕಟೆ ಅಂದ್ಮೇಲೆ ಹೇಗೆ ಬದುಕಿದರೂ ನಡೆಯುತ್ತಾ?

ನಮಸ್ಕಾರ. "ದೇವರ ಕೃಪೆ ಪುಕ್ಕಟೆ ಸಿಗುತ್ತೆ ಅಂದ್ಮೇಲೆ ಒಳ್ಳೆಯದನ್ನು ಯಾಕೆ ಮಾಡಬೇಕು?" ಅಂತ ಕೇಳಿದ್ದೀರಿ. ಯೇಸುವಿನ ಅಪೊಸ್ತಲನಾದ ಪೌಲನೂ ಇದೇ ಪ್ರಶ್ನೆ ಎತ್ತಿದ್ದಾನೆ, ಬೈಬಲ್‌ನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಾ ಇರೋಣವೇ? ಖಂಡಿತ ಕೂಡದು ಅನ್ನುತ್ತಾನೆ.

ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8, 9ನೇ ವಚನಗಳನ್ನು ಓದಿ ಸುಮ್ನೆ ನಿಲ್ಲಿಸಬೇಡಿ, 10ನ್ನೂ ಓದಿ. ಒಳ್ಳೆಯ ಕೆಲಸದಿಂದ ರಕ್ಷಣೆ ಬರಲ್ಲ, ಆದರೆ ಒಳ್ಳೆಯ ಕೆಲಸಕ್ಕಾಗಿಯೇ ನಮ್ಮನ್ನು ಸೃಷ್ಟಿಸಿದ್ದು.

ನನಗೆ ಜಾಸ್ತಿ ನಾಟಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ, ಅಂದ್ರೆ ದೃಷ್ಟಾಂತ ಕಥೆ. 10,000 ತಲಾಂತು, ಅಂದ್ರೆ ಜೀವಮಾನವಿಡೀ ದುಡಿದರೂ ತೀರದಷ್ಟು ಸಾಲ ರಾಜನಿಂದ ಮನ್ನಾ ಆದ ಆಳು, ಹೊರಗೆ ಬಂದವನೇ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಬರಬೇಕಾಗಿದ್ದು ಹೆಚ್ಚುಕಡಿಮೆ 100 ದಿನದ ಕೂಲಿ, ಅಷ್ಟೇ!

ನಾನೂ ನಮ್ಮ ಚರ್ಚಿನ ಸಭೆಯ ಒಬ್ಬರ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಆದರೂ ಪ್ರಭುವಿನ ಭೋಜನಕ್ಕೆ, ಅಂದ್ರೆ ಯೇಸುವಿನ ನೆನಪಿಗೆ ಆರಾಧನೆಯಲ್ಲಿ ರೊಟ್ಟಿ ಹಂಚಿಕೊಳ್ಳೋದಕ್ಕೆ, ಇಬ್ಬರೂ ಹೋಗುತ್ತಿದ್ದೆವು. ಒಂದು ಭಾನುವಾರ ರೊಟ್ಟಿಗೆ ಚಾಚಿದ ಅವರ ಕೈ ಕಣ್ಣಿಗೆ ಬಿತ್ತು. ಖಾಲಿ ಕೈ, ಸ್ವಲ್ಪ ನಡುಗುತ್ತಿತ್ತು. ಪಕ್ಕದಲ್ಲಿ ನನ್ನ ಕೈಯೂ ಖಾಲಿಯೇ ಅಲ್ವಾ? ಆರಾಧನೆ ಮುಗಿದ ಮೇಲೆ ನಾನೇ ಹೋಗಿ ಮಾತಾಡಿಸಿದೆ.